ಜನವರಿ ಒಂದು

"ಉತ್ತರ ಬರ್ಲಿಲ್ಲ ಅಂತ ಹೇಳಿಬಿಡು ಮಾರಾಯ. ಅವನಿಗೆಂತ ಇಂಗ್ಲಿಷ್ ಓದ್ಲಿಕ್ಕೆ ಬರ್ತದಾ?" ಜೆರಾಕ್ಸ್ ಯಂತ್ರದ ಹಿಂದಿನಿಂದ ಕಾಂತಪ್ಪ ಹೇಳಿದ.

ಜೋಕಿಮ್ ಬೆಳಿಗ್ಗೆ ಬಂದ ಇಮೇಲನ್ನು ಮೂರನೇ ಸಲ ಓದುತ್ತಿದ್ದ. ಕೊಲ್ಲಿ ನಾಡಿನ ಫಹಾಹೀಲ್ ಪೇಟೆಯ ಈ ಟೈಪಿಂಗ್ ಅಂಗಡಿಯಲ್ಲಿ ಹನ್ನೆರಡು ವರ್ಷಗಳಿಂದ ಇಕಾಮಾ ಎಂಬ ವಾಸದ ಪರವಾನಗಿ, ವೀಸಾ, ಲೈಸೆನ್ಸ್ ಅರ್ಜಿಗಳನ್ನು ತುಂಬಿ ತುಂಬಿ ಅವನ ಬೆರಳುಗಳಿಗೆ ಕಣ್ಣಿನ ಹಂಗೇ ಇರಲಿಲ್ಲ. ಜೋಕಿಮ್ ಟೈಪ್ ಮಾಡಿದ ಕಾಗದ ವಾಪಸ್ ಬರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರು ಕೇಳಿಯೇ ಅಬಕರ್ ಬಂದಿದ್ದ.

ಅಬಕರ್ ಶುಐಬಾದ ಗೋದಾಮೊಂದರ ಕಾವಲುಗಾರ, ಸುಡಾನಿನ ದಾರ್ಫುರ್ ಕಡೆಯವ. ಅವನ ಊರನ್ನು ಕುದುರೆ ಸವಾರರು ಬಂದು ಸುಟ್ಟಿದ್ದರು. ತಪ್ಪಿಸಿಕೊಂಡವರಿಗೆ ಫೋನು ಮಾಡಿ ಮಾಡಿ ಸತ್ತವರ ನಲವತ್ತೊಂದು ಹೆಸರು ಕೂಡಿಸಿದ್ದ. ಒಂದು ಜನಾಂಗವನ್ನೇ ಅಳಿಸುವುದನ್ನು ತಡೆಯಲು ದೇಶದೇಶಗಳು ಸಹಿ ಹಾಕಿದ ಕಾನೂನಿದೆ, ವಿದೇಶದ ಒಂದು ಸಂಸ್ಥೆ ಅದಕ್ಕೆ ಸಾಕ್ಷಿ ಕೂಡಿಸುತ್ತಿದೆ ಎಂದು ರೇಡಿಯೋದಲ್ಲಿ ಕೇಳಿದ್ದ. ಸಾಕ್ಷಿ ಸಿಕ್ಕರೆ ಉಳಿದ ಊರುಗಳಿಗೆ ಕಾವಲು ಬರುತ್ತದೆ. ಪಕ್ಕದ ಊರಿನಲ್ಲಿ ಅವನ ತುಂಬು ಬಸುರಿ ತಂಗಿ ಕಲ್ತೂಮಾ ಇದ್ದಳು.

ಎರಡು ತಿಂಗಳ ಹಿಂದೆ, 2004ರ ರಮದಾನಿಗೆ ಮುಂಚೆ, ಇದೇ ಕುರ್ಚಿಯಲ್ಲಿ ಕೂತು ಅವನು ಅಂಗಡಿಯ ಹರಕು ಅರಬ್ಬಿಯಲ್ಲಿ ಹೇಳುತ್ತಾ ಹೋಗಿದ್ದ. "ಇವನು ದೊಡ್ಡ ಬರಗಾಲದ ವರ್ಷ ಹುಟ್ಟಿದ್ದು. ಸಜ್ಜೆ ಕೊಯ್ಯುವಾಗ."

ಸಂಸ್ಥೆ ಕೇಳಿದ್ದು ಹೆಸರು, ವಯಸ್ಸು ಮಾತ್ರ. ಆದರೆ ಹುಟ್ಟಿದ ತಾರೀಖಿಲ್ಲದ ಕಾಗದವನ್ನು ಜೋಕಿಮ್ ಜನ್ಮದಲ್ಲಿ ಟೈಪ್ ಮಾಡಿದವನಲ್ಲ. ತಾನೇ ಒಂದು ಕಾಲಂ ಎಳೆದ. ತಾರೀಖು ಗೊತ್ತಿಲ್ಲದವರಿಗೆಲ್ಲ ವಯಸ್ಸು ನೋಡಿ ಇಸವಿ, ಅದಕ್ಕೆ ಜನವರಿ ಒಂದು ಎಂದು ಹಾಕುವುದು ಅಂಗಡಿಯ ರೂಢಿ. ಅಬಕರನ ಪಾಸ್‌ಪೋರ್ಟಿನಲ್ಲೂ ಹಾಗೇ ಇತ್ತು. ಪಟ್ಟಿ ಎಷ್ಟು ಚೆಂದ ಬಂದಿತ್ತೆಂದರೆ ಜೋಕಿಮನೇ ಅದನ್ನು ಕಾಂತಪ್ಪನಿಗೆ ಎತ್ತಿ ತೋರಿಸಿದ್ದ.

ಈಗ ಉತ್ತರ ಬಂದಿತ್ತು. ನಲವತ್ತೊಂದು ಮಂದಿಯೂ ಜನವರಿ ಒಂದರಂದೇ ಹುಟ್ಟಿದ್ದಾರೆನ್ನುವ ಪಟ್ಟಿಯನ್ನು ಸಾಕ್ಷ್ಯವೆಂದು ಸ್ವೀಕರಿಸಲಾಗದು, ಮೂಲ ದಾಖಲೆಗಳಿದ್ದರೆ ಕಳಿಸಿ. ಮನೆಗಳೇ ಬೂದಿಯಾದ ಊರಿನ ಮೂಲ ದಾಖಲೆ!

ಬಾಗಿಲು ತಳ್ಳಿಕೊಂಡು ಅಬಕರ್ ಬಂದ. ಕಾಂತಪ್ಪ ಕಣ್ಸನ್ನೆ ಮಾಡಿದ.

"ಉತ್ತರ ಬಂದಿದೆ. ನಂಬಲಿಲ್ಲ ಅವರು," ಎಂದ ಜೋಕಿಮ್. "ತಪ್ಪು ನನ್ನದು. ತಾರೀಖು ನಾನು ಹಾಕಿದ್ದು. ಆ ಕಾಲಂ ತೆಗೆದು ಇವತ್ತೇ ಮತ್ತೆ ಕಳಿಸುವ."

ಅಬಕರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಲ್ತೂಮಾಳ ಊರು ಶುಕ್ರವಾರ ಖಲಾಸ್," ಎಂದ. "ರಾತ್ರಿ ಫೋನು ಬಂತು."

ಕಾಂತಪ್ಪ ಯಂತ್ರ ನಿಲ್ಲಿಸಿದ. ಅಬಕರ್ ಕುರ್ಚಿ ಎಳೆದು ಕೂತು ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಯಲ್ಲಾ, ಬರಿ. ಅದೇ ಪಟ್ಟಿಗೆ ಸೇರಿಸು."

"ಅಬಕರ್ ಭಾಯಿ, ಇನ್ನು..." ಯಾರನ್ನು ಉಳಿಸಲಿಕ್ಕೆ ಕಳಿಸುವುದು ಎನ್ನಬೇಕೆಂದಿದ್ದ ಜೋಕಿಮ್. ಬದಲಿಗೆ ಹಳೆಯ ಪಟ್ಟಿ ತೆರೆದ. ಕಾಲಂ ತೆಗೆಯುವಷ್ಟು ಹೊತ್ತನ್ನೂ ಅಬಕರ್ ಕೊಡಲಿಲ್ಲ, ಓದತೊಡಗಿದ. ನಲವತ್ತೆರಡು, ಕಲ್ತೂಮಾ. ನಲವತ್ತಮೂರು, ಅವಳ ಗಂಡ ಹಾರೂನ್. ಆಮೇಲೆ ಅತ್ತೆ, ನಾದಿನಿ, ಬಾವಿಯ ಪಕ್ಕದ ಮನೆಯವರು. ಹೆಸರುಗಳ ಹಿಂದೆಯೇ ಬೆರಳುಗಳು ಓಡಿದವು.

"ಅರವತ್ತು, ಮರಿಯಂ. ಕಲ್ತೂಮಾಳ ಮಗಳು," ಎಂದು ಅಬಕರ್ ಕಾಗದ ಮಡಿಸಿದ. "ಇವಳ ತಾರೀಖು ನನಗೆ ಗೊತ್ತು. ನವೆಂಬರ್ ಹದಿನಾರು, ಮಂಗಳವಾರ. ಅವತ್ತೇ ತಂಗಿ ಪೇಟೆಗೆ ಆಳು ಕಳಿಸಿ ಫೋನು ಮಾಡಿಸಿದ್ದಳು."

ಜೋಕಿಮ್ ಪರದೆ ನೋಡಿದ. ಸಾಲಿನ ಕೊನೆಯಲ್ಲಿ ಅವನ ಬೆರಳುಗಳು ಆಗಲೇ 01-01-2004 ಎಂದು ಹಾಕಿ ಮುಗಿಸಿದ್ದವು. ಅವನು ಹಿಂದಿನಿಂದ ಒಂದೊಂದೇ ಅಂಕಿ ಅಳಿಸತೊಡಗಿದ.