ಹನ್ನೊಂದನೇ ಮಂಚದ ಗುರುತು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತಪಾಸಣಾ ಅಧಿಕಾರಿ ವಿಶಾಖಾ ಅವರಿಗೆ ಹನ್ನೊಂದನೇ ಮಂಚದ ಕಂಬಿಯ ಮೇಲೆ ಹಗ್ಗ ಉಜ್ಜಿದ ಗುರುತು ಕಂಡಿತು. ಕಬ್ಬಿಣದ ಮಂಚ. ಹಸಿರು ಬಣ್ಣ ಎರಡು ಬೆರಳಗಲ ಸವೆದು ಲೋಹ ಹೊಳೆಯುತ್ತಿತ್ತು. ಸಂದಿಯಲ್ಲಿ ನಾರಿನ ಎಳೆಯೊಂದು ಸಿಕ್ಕಿಕೊಂಡಿತ್ತು.

ಮಾನ್ವಿಯ ಸಿರವಾರ ರಸ್ತೆಯಲ್ಲಿರುವ ಆ ವೃದ್ಧಾಶ್ರಮದಲ್ಲಿ ಇಪ್ಪತ್ಮೂರು ಮಂದಿ ಇದ್ದರು. ನೋಂದಣಿಯ ಅವಧಿ ತಿಂಗಳ ಕೊನೆಗೆ ಮುಗಿಯಲಿತ್ತು. ನವೀಕರಿಸಬಹುದೇ ಎಂದು ನೋಡಲು ವಿಶಾಖಾ ರಾಯಚೂರಿನಿಂದ ಬಂದಿದ್ದರು. ಅಡುಗೆಮನೆ, ನೀರಿನ ಟ್ಯಾಂಕು, ಔಷಧದ ಕಪಾಟು ನೋಡಿ ಆಗಿತ್ತು. ಕೈಯಲ್ಲಿದ್ದ ನಮೂನೆಯ ಮೂವತ್ತೊಂದನೇ ಪ್ರಶ್ನೆ, ನಿವಾಸಿಗಳನ್ನು ಕಟ್ಟಿಹಾಕುತ್ತಾರೆಯೇ ಎಂಬುದು. ಉತ್ತರ 'ಹೌದು' ಎಂದಾದರೆ ನವೀಕರಣವಿಲ್ಲ. ಎಲ್ಲರನ್ನೂ ಬೇರೆ ಬೇರೆ ಕಡೆಗೆ ಸಾಗಿಸಬೇಕು.

ಮಂಚ ಅನ್ನಮ್ಮ ಅವರದು. ಎಪ್ಪತ್ತೆಂಟು ವರ್ಷ, ಎರಡೂ ಕಣ್ಣು ಕಾಣಿಸುವುದಿಲ್ಲ. ಈ ಒಂದು ಕಟ್ಟಡವನ್ನು ಕೈಯಿಂದ ಮುಟ್ಟಿ ಕಲಿಯಲು ಅವರಿಗೆ ತಿಂಗಳುಗಟ್ಟಲೆ ಹಿಡಿದಿತ್ತು. ಹೊಸ ಜಾಗವೆಂದರೆ ಮತ್ತೆ ಮೊದಲಿನಿಂದ.

ವಿಶಾಖಾ ಮೊದಲು ಅವರ ಮುಂಗೈ ನೋಡಿದರು, ಆಮೇಲೆ ಕಾಲಿನ ಗಂಟು. ಎಲ್ಲೂ ಗಾಯವಿಲ್ಲ, ಕಲೆಯಿಲ್ಲ. ಉಗುರು ಕತ್ತರಿಸಿತ್ತು. ಹಾಗಾದರೆ ಹಗ್ಗ ಯಾತಕ್ಕೆ ಎಂದು ಮೇಲ್ವಿಚಾರಕಿ ಮೆಹನಾಜ್ ಅವರನ್ನು ವರಾಂಡಕ್ಕೆ ಕರೆದು ಕೇಳಿದರು. ಅಲ್ಲಿಯವರೆಗೆ ಕೇಳಿದ ದಾಖಲೆಯನ್ನೆಲ್ಲ ನಿಮಿಷದಲ್ಲಿ ತಂದಿಟ್ಟಿದ್ದ ಮೆಹನಾಜ್ ಮಾತಾಡದೆ ಕಿಟಕಿಯ ಕಡೆ ನೋಡಿದರು.

ಪಕ್ಕದ ಮಂಚಗಳವರನ್ನೂ ಅಲ್ಲಿಗೇ ಕರೆದು ವಿಚಾರಿಸಿದಾಗ ಮೂವರು ಒಂದೇ ವಾಕ್ಯವನ್ನು ಒಂದಕ್ಷರ ಬದಲಾಗದಂತೆ ಹೇಳಿದರು: ಇಲ್ಲಿ ಹಗ್ಗವೇ ಇಲ್ಲ. ನಾಲ್ಕನೆಯವರು ದೇವದುರ್ಗದ ಕಡೆಯ ಅರಕೇರಾದ ಮೂಕಪ್ಪ. ಅವರು ಒಂದು ಹೆಜ್ಜೆ ಮುಂದೆ ಹೋದರು.

"ಹಗ್ಗಾ? ನಮ್ಮೂರ ಕಡಿ ಹಗ್ಗಾನ ಇಲ್ರಿ ಮೇಡಂ."

"ಎತ್ತಿಗೆ ಏನ್ ಕಟ್ತೀರಿ ಮತ್ತ?"

ಮೂಕಪ್ಪ ಬರಿಗೈ ಚಾಚಿದರು. "ನಮ್ಮ ಎತ್ತು ಭಾಳ ಶಾಣ್ಯಾ ಅದಾವ್ರಿ."

ಅವರ ಎರಡೂ ಅಂಗೈಗಳಲ್ಲಿ ಹಗ್ಗ ಹೊಸೆಯುವವರ ಜಡ್ಡು ಇತ್ತು. ವಿಶಾಖಾ ನಗಲಿಲ್ಲ. ಕಲಿಸಿಕೊಟ್ಟ ಉತ್ತರ ಮೌನಕ್ಕಿಂತ ಕೆಟ್ಟದ್ದು ಎಂಬುದು ಆರು ವರ್ಷದ ಕೆಲಸದಲ್ಲಿ ಅವರು ಕಂಡುಕೊಂಡ ಸಂಗತಿ. ಕಟ್ಟಡ ಬಿಟ್ಟು ಹೊರಡುವವರೆಗೆ ಅವರು ನಮೂನೆಯನ್ನು ಪೆನ್ಸಿಲಿನಲ್ಲೇ ತುಂಬುತ್ತಿದ್ದರು. ಮೂವತ್ತೊಂದರ ಎದುರು 'ಹೌದು' ಎಂದು ಬರೆದರು.

ಹತ್ತು ಗಂಟೆ ಐವತ್ತಕ್ಕೆ ಅವರೆಲ್ಲ ಒಳಗೆ ಬರುವಷ್ಟರಲ್ಲಿ ಅನ್ನಮ್ಮ ಎದ್ದು ನಿಂತರು. ಎಡಗೈ ಸೊಂಟದ ಮಟ್ಟಕ್ಕೆ ಚಾಚಿ ಏನನ್ನೋ ಹಿಡಿಯಲು ಹೋಯಿತು. ಏನೂ ಸಿಗಲಿಲ್ಲ. ಇನ್ನೊಮ್ಮೆ ಚಾಚಿದರು. ಮೆಹನಾಜ್ ಓಡಿಬಂದು ತೋಳು ಹಿಡಿದರೆ ಕೊಡವಿಕೊಂಡರು.

"ಕೈ ಹಿಡೀಬ್ಯಾಡ. ನನ್ನ ದಾರಿ ಯಾರು ಬಿಚ್ಚ್ಯಾರ?"

"ಅಕ್ಕಾ, ಇವತ್ತೊಂದಿನ ಸುಮ್ನಿರು," ಎಂದರು ಮೂಕಪ್ಪ, ಆದಷ್ಟು ಮೆಲ್ಲಗೆ.

"ಯಾಕ? ಇವತ್ತೊಂದಿನ ನನಗ ಕಣ್ಣು ಬಂದಾವೇನು?"

ಆಮೇಲೆ ವಿಷಯ ಹೊರಬಂತು. ಪುಂಡಿ ಗಿಡದ ನಾರಿನಿಂದ ಆ ಹಗ್ಗ ಹೊಸೆದವರು ಮೂಕಪ್ಪ. ಒಂದು ತುದಿ ಮಂಚಕ್ಕೆ, ಇನ್ನೊಂದು ಶೌಚಾಲಯದ ಬಾಗಿಲ ಕೊಂಡಿಗೆ. ಕೈಗೆ ಎರಡು ಗಂಟು ಸಿಕ್ಕರೆ ಹೊಸ್ತಿಲು, ಮೂರು ಸಿಕ್ಕರೆ ಶೌಚಾಲಯ. ಎಲ್ಲಿ ಕಟ್ಟಬೇಕೆಂದು ಅನ್ನಮ್ಮನ ಜೊತೆ ಹತ್ತಾರು ಸಲ ನಡೆದು ಗೊತ್ತುಮಾಡಿದವರು ಮೆಹನಾಜ್. ತಪಾಸಣೆಯ ಸುದ್ದಿ ಹಿಂದಿನ ದಿನ ಬಂದಾಗ ಮೂಕಪ್ಪ ಮತ್ತು ಉಳಿದ ಮೂವರು ಸೇರಿ ತೀರ್ಮಾನಿಸಿದರು: ಮಂಚಕ್ಕೆ ಹಗ್ಗ ಕಂಡರೆ ಮುದುಕರನ್ನು ಕಟ್ಟಿಹಾಕುತ್ತಾರೆಂದೇ ಅಧಿಕಾರಿ ತಿಳಿಯುತ್ತಾರೆ. ಬೆಳಿಗ್ಗೆ ಅನ್ನಮ್ಮ ಎದ್ದು ಸ್ನಾನ ಮುಗಿಸಿ ಬಂದ ಮೇಲೆ ಹಗ್ಗ ಬಿಚ್ಚಿ ಜೋಳದ ಚೀಲದಲ್ಲಿ ಬಚ್ಚಿಟ್ಟರು. ಮೆಹನಾಜ್‌ಗೆ ಗೊತ್ತಾದದ್ದು ಜೀಪು ಬಾಗಿಲಿಗೆ ಬಂದಾಗ. ನಿಜ ಹೇಳಿದರೆ ನಾಲ್ವರು ಹಿರಿಯರು ಅಧಿಕಾರಿಯ ಮುಂದೆ ಸುಳ್ಳರಾಗುತ್ತಿದ್ದರು. ಅದಕ್ಕೆ ಅವರು ಬಾಯಿ ಬಿಡಲಿಲ್ಲ.

"ತಪ್ಪು ನಮ್ದರೀ, ಈಕಿದಲ್ಲ," ಎಂದರು ಮೂಕಪ್ಪ, ಮೆಹನಾಜ್ ಕಡೆ ಕೈಮಾಡಿ. "ನಮ್ಮನ್ನ ಇಷ್ಟು ಚಂದ ನೋಡ್ಕೊಂತಾಳ. ಈಕಿ ನೌಕರಿಗೆ ಕುತ್ತು ಬರಬಾರ್ದಂತ ಮಾಡಿದ್ವಿ."

ವಿಶಾಖಾ ಹಗ್ಗ ತರಿಸಿ ಕಟ್ಟಿಸಿದರು. ಅನ್ನಮ್ಮ ಒಬ್ಬರೇ ಹೋಗಿ ಐದು ನಿಮಿಷದಲ್ಲಿ ಕೈ ತೊಳೆದುಕೊಂಡು ಬಂದರು. ನಂತರ ವಿಶಾಖಾ ಕಣ್ಣು ಮುಚ್ಚಿ ಅದೇ ದಾರಿ ಹಿಡಿದರು. ತಿರುವಿನಲ್ಲಿ ಹಗ್ಗ ಮೊಣಕಾಲಿನವರೆಗೆ ಜೋತುಬಿದ್ದಿತ್ತು, ಅಲ್ಲಿ ಎಡವಿದರು. ಅದನ್ನು ಬರೆದುಕೊಂಡರು. ಅವಧಿ ಮುಗಿದ ಅಗ್ನಿಶಾಮಕ ಸಿಲಿಂಡರ್, ಒಂದೇ ಡಬ್ಬಿಯಲ್ಲಿದ್ದ ಇಬ್ಬರ ಮಾತ್ರೆ, ಇವೂ ಪಟ್ಟಿಗೆ ಸೇರಿದವು. ಹಗ್ಗದ ಬದಲು ಅರವತ್ತು ದಿನದೊಳಗೆ ಗೋಡೆಗುಂಟ ಸ್ಟೀಲಿನ ಹಿಡಿಕಂಬಿ ಹಾಕಿಸಬೇಕೆಂದು ಸೂಚಿಸಿದರು. ಮೂವತ್ತೊಂದರ 'ಹೌದು' ಅಳಿಸಿ, ಶಾಯಿಯಲ್ಲಿ 'ಇಲ್ಲ' ಎಂದು ಬರೆದರು. ಇನ್ನು ಮುಂದೆ ಏನನ್ನೂ ಮುಚ್ಚಿಡಬಾರದು, ಮುಚ್ಚಿಟ್ಟದ್ದೇ ಬಾಗಿಲು ಹಾಕಿಸುತ್ತದೆ ಎಂದು ಮೂಕಪ್ಪನವರಿಗೆ ತಿಳಿಹೇಳಿದರು.

ಹೊರಡುವಾಗ ಅನ್ನಮ್ಮ ವಿಶಾಖಾ ಅವರ ಕೈ ಹುಡುಕಿ ಹಿಡಿದುಕೊಂಡರು.

"ಯವ್ವಾ, ಎರಡು ವರ್ಷ ಆತು, ಕಕ್ಕಸಿಗೆ ಹೋಗಾಕ ನಾನು ಯಾರ್ನೂ ಕರದಿಲ್ಲ. ನನ್ನ ಮಾನ ಉಳಿಸ್ಯಾರ ಇವರಿಬ್ರು. ಅದನ್ನೂ ನಿನ್ನ ಕಾಗದದಾಗ ಬರಿ."

"ಬರೀತೀನಿ. ನೀವು ಏಳಲಿಲ್ಲಂದ್ರ ನಾನು ಸುಳ್ಳು ಬರದು ಹೋಗ್ತಿದ್ನಿ, ಯವ್ವಾ. ನಿಮ್ಮ ಉಪಕಾರ ಆತು."

ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ವಿಶಾಖಾ ಹಾಳೆಯ ಹಿಂಬದಿಯಲ್ಲಿ, ಮೂಕಪ್ಪ, ಮೆಹನಾಜ್ ಇಬ್ಬರ ಹೆಸರು ನಮೂದಿಸಿ, ನಾಲ್ಕು ಸಾಲು ಬರೆದರು.

ಆ ತಿಂಗಳ ಇಪ್ಪತ್ತೇಳರಂದು ನೋಂದಣಿ ಒಂದು ವರ್ಷಕ್ಕೆ ನವೀಕರಣವಾಯಿತು. ಇಪ್ಪತ್ಮೂರು ಮಂದಿಯಲ್ಲಿ ಯಾರನ್ನೂ ಸ್ಥಳಾಂತರಿಸಲಿಲ್ಲ.