ತಣ್ಣೀರಿನ ಬಕೆಟ್ಟು

ಫುಟ್‌ಬಾಲ್ ತಂಡ ಬರುವ ಮುನ್ನವೇ ಅವರ ಬೇಡಿಕೆಗಳ ಪಟ್ಟಿ ಹೋಟೆಲಿಗೆ ಬಂದಿತ್ತು. ಎಲ್ಲರಿಗೂ ಒಂದೇ ಮಹಡಿಯಲ್ಲಿ ಕೋಣೆ, ಬೆಳಕು ನುಸುಳದ ಪರದೆ, ಸ್ನಾನದ ತೊಟ್ಟಿ ತುಂಬ ಮಂಜುಗಡ್ಡೆ, ಬೆಳಗಾಗುವುದರೊಳಗೆ ಒಣಗಿದ ಜರ್ಸಿ. ಹೊಸ ಬೀಗರೂ ಇಷ್ಟು ಕೇಳುವುದಿಲ್ಲ ಎಂದು ಅಡುಗೆಯವರು ಗೊಣಗಿದರು. ಕೊನೆಯ ಸಾಲನ್ನು ಮ್ಯಾನೇಜರ್ ಎರಡು ಸಲ ಓದಿ ಹೇಳಿದ: ಕೋಣೆಯಲ್ಲಿ ಕಂಡದ್ದು ಕೋಣೆಯಲ್ಲೇ ಉಳಿಯಬೇಕು.

ಆ ಮಹಡಿಯನ್ನು ಇಪ್ಪತ್ತೆರಡು ವರ್ಷದಿಂದ ಚೊಕ್ಕಟವಾಗಿಟ್ಟವಳು ದೊಡ್ಡಕ್ಕ. ಗೋಲ್‌ಕೀಪರ್ ಮಂಚಕ್ಕಿಂತ ಗೇಣುದ್ದ ಹೆಚ್ಚಿದ್ದಾನೆಂದು ಕಂಡವಳೇ ಊಟದ ಹಾಲ್‌ನಿಂದ ಬೆಂಚು ತರಿಸಿ ಮಂಚದ ತುದಿಗೆ ಸೇರಿಸಿದಳು. ಉದ್ದಣ್ಣ ಎಂದು ಹೆಸರನ್ನೂ ಇಟ್ಟಳು.

"ಯಾವ ಊರಲ್ಲೂ ನನ್ನ ಕಾಲಿಗೆ ಹಾಸಿಗೆ ಸಿಕ್ಕಿರ್ಲಿಲ್ಲಮ್ಮ," ಎಂದು ಅವನು ನಕ್ಕಿದ್ದ.

ಪಂದ್ಯದ ದಿನ ಬೆಳಗ್ಗೆ ಅವಳು ಕೋಣೆಗೆ ಹೋದಾಗ ಉದ್ದಣ್ಣ ಪರದೆ ಎಳೆದುಕೊಂಡು ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಹಿಂದಿನ ದಿನದ ಅಭ್ಯಾಸದಲ್ಲಿ ತಲೆ ಗೋಲಿನ ಕಂಬಕ್ಕೆ ಬಡಿದಿತ್ತಂತೆ. ದಿಂಬಿನ ಮೇಲೆ ಕಾಸಿನಗಲ ರಕ್ತದ ಕಲೆ, ಅದರ ಸುತ್ತ ನೀರಿನ ತೆಳು ಬಳೆ. ಹಿಂದೆ ಕಟ್ಟಡದ ಸಾರುವೆಯಿಂದ ಬಿದ್ದಿದ್ದ ದೊಡ್ಡಕ್ಕನ ತಮ್ಮನ ದಿಂಬಿನ ಮೇಲೂ ಇದೇ ಕಲೆಯಿತ್ತು. ಅದು ಮಿದುಳಿನ ನೀರು, ಕಂಡಾಗಲೇ ಕರೆತರಬೇಕಿತ್ತು ಎಂದು ಆಸ್ಪತ್ರೆಯವರು ಹೇಳಿದ್ದರು. ಮೂರನೇ ದಿನಕ್ಕೆ ತಮ್ಮ ಇರಲಿಲ್ಲ.

"ಕಿವಿಯಿಂದ ಏನಾದ್ರೂ ಸೋರ್ತಿದ್ಯಾ, ಮಗಾ?"

"ಸ್ನಾನದ ನೀರಮ್ಮ. ಯಾರಿಗೂ ಹೇಳ್ಬೇಡಿ. ಇವತ್ತು ಆಡದೆ ಕೂತ್ಕೊಂಡ್ರೆ ನನ್ನ ಜಾಗ ಇನ್ನೊಬ್ಬನಿಗೆ ಹೋಗುತ್ತೆ."

ಹೇಳಿದರೆ ಕೆಲಸ ಹೋದೀತು, ಹೇಳದಿದ್ದರೆ ಹುಡುಗ ಹೋಗುತ್ತಾನೆ. ಕೆಲಸ ಹಾಳಾಗಿ ಹೋಗಲಿ ಎಂದು ಅವಳು ತೀರ್ಮಾನಿಸುವ ಹೊತ್ತಿಗೆ ಅವಳ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮುಗಿಸಿದ್ದವು. ದಿಂಬಿನ ಚೀಲ ಕಳಚಿ, ಒಳಗಿನ ಪ್ಲಾಸ್ಟಿಕ್ ಹೊದಿಕೆ ಒರೆಸಿ, ಚೀಲವನ್ನು ಉಪ್ಪು ಹಾಕಿದ ತಣ್ಣೀರಿನ ಬಕೆಟ್ಟಿಗೆ ಅದ್ದಿ ತಿಕ್ಕಿಯಾಗಿತ್ತು. ರಕ್ತದ ಕಲೆ ಕಂಡ ತಕ್ಷಣ ತಣ್ಣೀರು ಕಾಣಿಸಬೇಕು, ಇಲ್ಲದಿದ್ದರೆ ಕೂತುಬಿಡುತ್ತದೆ ಎಂದು ಹೊಸಬರಿಗೆಲ್ಲ ಕಲಿಸಿದವಳೂ ಅವಳೇ.

ಕೆಳಗೆ ಓಡಿ, ಮ್ಯಾನೇಜರ್ ಕಣ್ಣು ಕೆಂಪಗೆ ಮಾಡಿದರೂ ಬಿಡದೆ, ತಂಡದ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು.

"ಎಲ್ಲಿ, ತೋರ್ಸಿ," ಎಂದು ಡಾಕ್ಟರು ಎದ್ದು ನಿಂತರು.

ಆಗ ಅವಳಿಗೆ ಬಕೆಟ್ಟು ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ. ತಂದು ತೋರಿಸಿದ ಬಟ್ಟೆ ಹಾಲಿನಷ್ಟು ಬೆಳ್ಳಗಿತ್ತು.

ಉದ್ದಣ್ಣ ಕಿವಿ ಚೆನ್ನಾಗಿ ಒರೆಸಿಕೊಂಡೇ ಬಂದ. ತಲೆನೋವು ಇಲ್ಲ, ಗಡ್ಡ ಕೆರೆಯುವಾಗ ಕೊಯ್ದುಕೊಂಡೆ ಎಂದ. ಡಾಕ್ಟರು ಕಿವಿಗೆ ಟಾರ್ಚು ಹಿಡಿದರು, ಬೆರಳು ಆಡಿಸಿ ತೋರಿಸಿದರು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಪಾಪ, ತಮ್ಮನ್ನ ಕಳ್ಕೊಂಡೋಳು, ಹೆದರಿದ್ದಾಳೆ," ಎಂದು ಮ್ಯಾನೇಜರ್ ನಡುವೆ ಬಾಯಿ ಹಾಕಿದ. ಡಾಕ್ಟರು ಇನ್ನೊಂದು ಸಲ ಬಿಳಿ ಬಟ್ಟೆಯನ್ನು ನೋಡಿ ಬಸ್ಸು ಹತ್ತಿದರು. ದೊಡ್ಡಕ್ಕನಿಗೆ ತನ್ನ ಕೈಗಳ ಮೇಲೇ ಅಸಹ್ಯ ಹುಟ್ಟಿತು.

ಪಂದ್ಯವನ್ನು ಅಡುಗೆಮನೆಯ ಟಿವಿಯಲ್ಲಿ ಎಲ್ಲರೂ ನೋಡಿದರು. ಚೆಂಡು ಮೈದಾನದ ಆ ತುದಿಯಲ್ಲಿತ್ತು. ಉದ್ದಣ್ಣ ಒಬ್ಬನೇ ಮಂಡಿಯೂರಿದ, ಆಮೇಲೆ ಪಕ್ಕಕ್ಕೆ ವಾಲಿ ಮಲಗಿದ. ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತು.

ಸಂಜೆ ಡಾಕ್ಟರು ಅವನ ಸಾಮಾನು ಒಯ್ಯಲು ಒಬ್ಬರೇ ಬಂದರು. ದೊಡ್ಡಕ್ಕ ಶೂಗಳನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಡುತ್ತಿದ್ದಳು. ಅವರು ಬಾಗಿಲಲ್ಲೇ ನಿಂತು ಕೇಳಿದರು.

"ಅವನ ಅಪ್ಪ ಅಮ್ಮ ಬರ್ತಿದ್ದಾರೆ. ಮೊದಲೇ ಏನೂ ಗೊತ್ತಾಗ್ಲಿಲ್ವಾ ಅಂತ ಕೇಳ್ತಾರೆ. ಆ ಕಲೆ ನಿಜವಾಗ್ಲೂ ಇತ್ತಾ?"

"ಇತ್ತು ಸಾರ್," ಎಂದಳು ದೊಡ್ಡಕ್ಕ. "ನನ್ನ ಕೈಯಾರೆ ತೊಳೆದ್ಬಿಟ್ಟೆ. ಅವರು ಕೇಳಿದ್ರೆ ನನ್ನನ್ನ ಕರೀರಿ, ನಾನೇ ಹೇಳ್ತೀನಿ."

ಡಾಕ್ಟರು ಮಂಚದ ತುದಿಯ ಬೆಂಚಿನ ಮೇಲೆ ಕುಸಿದು ಕೂತರು. ಅದನ್ನು ಊಟದ ಹಾಲ್‌ಗೆ ವಾಪಸು ಒಯ್ಯಬೇಕಿತ್ತು. ಅವರು ಏಳಲಿ ಎಂದು ಅವಳು ಗೋಡೆಗೊರಗಿ ನಿಂತಳು.