ಬಾತುಕೋಳಿಯ ಕತ್ತು

ಮಗಳ ತಲೆಯ ಸಿಕ್ಕು ಅರ್ಧ ಬಿಡಿಸಿಯಾಗಿತ್ತು, ಫೋನು ಬಡಿದುಕೊಂಡಿತು. ಅವಳು ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿ ಫೋನೆತ್ತಿದಳು. ಕಾರ್ಖಾನೆಯ ಯಜಮಾನರು.

"ರಾತ್ರಿಯೆಲ್ಲ ಮೆಷಿನ್ ಓಡಿದೆಯಮ್ಮ. ಬೆಳಿಗ್ಗೆ ನೋಡಿದ್ರೆ ಬಾತುಕೋಳಿ ಬೆನ್ನು ಕನ್ನಡಿ ಥರ ಇದೆ, ಕತ್ತು ಮಾತ್ರ ಮೆಟ್ಟಿಲು ಮೆಟ್ಟಿಲು. ಏನ್ ಕತೆ ಇದು?"

ಉಕ್ಕಿನ ಮೇಲೆ ಯಂತ್ರದ ಕಟರ್ ಯಾವ ದಾರಿ ಹಿಡಿದು ಓಡಾಡಬೇಕೆಂದು ಕಂಪ್ಯೂಟರಿನಲ್ಲಿ ಹಾಕಿಕೊಡುವುದು ಅವಳ ಕೆಲಸ. ಈ ಸಲದ್ದು ಕೂಸುಗಳು ಕಕ್ಕ ಮಾಡಲು ಕೂರುವ, ಬಾತುಕೋಳಿ ಆಕಾರದ ಪೀಠದ ಅಚ್ಚು. ಏಳು ವರ್ಷದ ಮಗಳಿಗಂತೂ ಅಮ್ಮನ ಈ ಕೆಲಸ ನೆನೆದಾಗಲೆಲ್ಲ ನಗು.

ಯಜಮಾನರ ಮಾತು ಮುಗಿಯುವ ಮೊದಲೇ ಅವಳಿಗೆ ಗೊತ್ತಾಗಿ ಹೋಯಿತು. ನಿನ್ನೆ ಸಂಜೆ ಇದೇ ಊಟದ ಮೇಜಿನ ಮೇಲೆ, ಮಗಳು ಪಕ್ಕದಲ್ಲಿ ಕೂತು ಲೆಕ್ಕ ಮಾಡುತ್ತಿದ್ದಾಗ, ಅವಳು ಇಡೀ ಬಾತುಕೋಳಿಗೆ ಒಂದೇ ದಾರಿ ಹಾಕಿದ್ದಳು: ಈ ಕಡೆಯಿಂದ ಆ ಕಡೆಗೆ, ಸಾಲು ಸಾಲಾಗಿ, ಹೊಲ ಉತ್ತ ಹಾಗೆ. ಬೆನ್ನಿನಂಥ ಇಳಿಜಾರಿಗೆ ಅದು ಸಾಕು. ಕತ್ತಿನಂತೆ ನೆಟ್ಟಗೆ ನಿಂತ ಗೋಡೆಗೆ ಸಾಲದು. ಕಿಟಕಿ ಕಂಬಿಯ ನೆರಳು ಹಾಸಿಗೆಯ ಮೇಲೆ ಒತ್ತೊತ್ತಾಗಿ ಬಿದ್ದು, ಹಾಸಿಗೆಯಿಂದ ಕೆಳಗೆ ಇಳಿಬಿದ್ದ ದುಪ್ಪಟಿಯ ಮೇಲೆ ದೂರ ದೂರ ಸರಿಯುವುದಿಲ್ಲವೇ, ಹಾಗೆ ಕಟರಿನ ಸಾಲುಗಳೂ ಅಲ್ಲಿ ದೂರವಾಗಿ ನಡುವೆ ಏಣು ಉಳಿಯುತ್ತದೆ. ಕತ್ತಿಗೆ ಬೇರೆಯದೇ ದಾರಿ ಬೇಕು, ಬೆಟ್ಟಕ್ಕೆ ಸುತ್ತು ಹಾಕಿಕೊಂಡು ಇಳಿದಂತೆ, ಮೇಲಿಂದ ಕೆಳಕ್ಕೆ ಸುತ್ತು ಸುತ್ತಾಗಿ. ಅದನ್ನು ಹಾಕಿ, ಎರಡು ದಾರಿ ಕೂಡುವ ಕಡೆ ಪರೀಕ್ಷಿಸಿ ಮುಗಿಸಲು ಇನ್ನೊಂದು ಗಂಟೆ ಹಿಡಿಯುತ್ತಿತ್ತು. ಕಡಿದಾದ ಜಾಗವನ್ನು ಕಂಪ್ಯೂಟರ್ ಕೆಂಪಾಗಿ ತೋರಿಸಿತ್ತು. ಅವಳು ಆ ಬಣ್ಣವೇ ಕಾಣದಂತೆ ಮಾಡಿಬಿಟ್ಟಿದ್ದಳು.

"ಅಮ್ಮ, ಕೆಂಪು ಎಲ್ಲೋಯ್ತು?" ಎಂದು ಮಗಳು ಕೇಳಿದ್ದಳು.

"ಕೂರೋ ಕೂಸು ಕತ್ತು ನೋಡುತ್ತಾ? ನೀನು ಲೆಕ್ಕ ನೋಡು" ಎಂದು ನಕ್ಕು ಫೈಲ್ ಕಳಿಸಿಬಿಟ್ಟಿದ್ದಳು.

ಈಗ ಫೋನಿಗೆ ಹೇಳಿದಳು: "ದಾರಿ ಸರಿಯಾಗೇ ಇತ್ತು ಸಾರ್. ಕಟರ್ ಹಿಡಿತ ಸಡಿಲ ಇತ್ತೇನೋ."

"ನಂಗೂ ಅದೇ ಅನುಮಾನ. ಈ ಮೆಷಿನ್ ಓಡ್ಸೋದು ಲೇತಣ್ಣನ ಕೈಲಾಗೋ ಕೆಲಸ ಅಲ್ಲ ಅಂತ ಮೊದ್ಲೇ ಬಡ್ಕೊಂಡೆ."

ಅಲ್ಲ ಸಾರ್, ಎನ್ನಲು ಅವಳಿಗೆ ಒಂದು ಉಸಿರಿನಷ್ಟು ಸಮಯವಿತ್ತು. ಆ ಉಸಿರಿನಲ್ಲಿ "ಬರ್ತೀನಿ" ಎಂದಳು. ಮಗಳು ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿದ್ದಳು. "ನೆಟ್ಟಗೆ ಕೂತ್ಕೊ" ಎಂದು ಗದರಿ ಅವಳು ಜಡೆಯನ್ನು ಬೇಕಿದ್ದಕ್ಕಿಂತ ಬಿಗಿಯಾಗಿ ಹೆಣೆದಳು.

ಶಾಲೆಗೆ ರಜೆಯಿದ್ದುದರಿಂದ ಮಗಳನ್ನೂ ಕರೆದುಕೊಂಡೇ ಹೋದಳು. ಲೇತಣ್ಣ ಯಂತ್ರದ ಬಾಗಿಲು ತೆರೆದು ಒಳಗೆ ತಲೆ ಹಾಕಿದ್ದರು. ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ತಿರುಗಿಸಿ ಆ ಹೆಸರು ಪಡೆದ ಮನುಷ್ಯ. ಲೇತುಗಳನ್ನು ಮಾರಿದ ಮೇಲೆ, ಈ ವಯಸ್ಸಿನಲ್ಲಿ ದೊಡ್ಡ ಯಂತ್ರದ ಗುಂಡಿಗಳನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಮೂರು ತಿಂಗಳು ನೋಡೋಣ ಎಂದಿದ್ದರು ಯಜಮಾನರು. ಆಗದಿದ್ದರೆ ಹಿಂದಿನ ಶೆಡ್ಡಿನಲ್ಲಿ ಕಂಬಿ ಕೊಯ್ಯುವ ಗರಗಸಕ್ಕೆ. ಎಂಟು ದಿನ ಉಳಿದಿತ್ತು.

"ಏನು ಮೇಡಂ, ಬಾತುಕೋಳಿ ಮೇಲೆ ಕೂರೋಕೆ ಬಂದ್ರಾ?" ಎಂದರು ಮಗಳಿಗೆ.

"ನಾನು ದೊಡ್ಡೋಳು ತಾತ."

"ಹೌದಾ? ನಂಗಿನ್ನೂ ಕಲಿಯೋದಿದೆಯಪ್ಪ" ಎಂದು ನಕ್ಕರು. ನಗು ಕಣ್ಣಿನವರೆಗೆ ಹೋಗಲಿಲ್ಲ.

ಅವಳು ಅಚ್ಚಿನೊಳಗೆ ಕೈ ಇಳಿಸಿ ಕತ್ತಿನ ಗೋಡೆಯ ಮೇಲೆ ಉಗುರು ಎಳೆದಳು. ಟರ್ರೆಂದಿತು. ಒಂದೊಂದು ಏಣೂ ಅಳೆದಿಟ್ಟಷ್ಟು ಸಮನಾಗಿತ್ತು. ಸಡಿಲವಾದ ಕಟರ್ ಇಷ್ಟು ಶಿಸ್ತಿನಿಂದ ತಪ್ಪು ಮಾಡುವುದಿಲ್ಲ. ತನ್ನದೇ ಕೈಬರಹ ಓದಿದ ಹಾಗಾಗಿ ಅವಳ ಕಿವಿ ಬಿಸಿಯಾಯಿತು.

ಲೇತಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ನಾಲ್ಕು ಸಲ ಬಿಚ್ಚಿ ನೋಡ್ದೆ ತಂಗಿ. ಎಲ್ಲ ಬಿಗಿಯಾಗೇ ಕಾಣುತ್ತೆ. ಆದ್ರೆ ನೀನು ಹೇಳಿದ್ಮೇಲೆ ಮುಗೀತು, ನನ್ನ ಕೈಯೇ ಎಡವಿರ್ಬೇಕು. ನಿನ್ನ ಕೆಲಸಕ್ಕೆ ಮಸಿ ಬಳಿದೆ. ತಪ್ಪಾಯ್ತಮ್ಮ, ಕ್ಷಮಿಸಿಬಿಡು."

ತಂದೆಯ ವಯಸ್ಸಿನ ಮನುಷ್ಯ. ತಪ್ಪು ತನ್ನದೆಂದು ಹೇಳಿಬಿಡಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಯಜಮಾನರ ಚಪ್ಪಲಿ ಸದ್ದು ಕೇಳಿಸಿತು.

"ಇರ್ಲಿ ಬಿಡಣ್ಣ. ಎಲ್ರಿಂದ್ಲೂ ಆಗುತ್ತೆ" ಎಂದಳು.

ಹಾಗೆಂದ ಮೇಲೆ ಅವಳು ಮಗಳ ಕಡೆ ನೋಡಲಿಲ್ಲ. ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಬೆನ್ನನ್ನು ಹಾಗೇ ಬಿಟ್ಟು, ಕತ್ತಿಗೆ ಮಾತ್ರ ಸುತ್ತು ದಾರಿ ಹಾಕಿದಳು. ಏಣು ತಾನೇ ಉಳಿದಿರುವುದು, ಕೆತ್ತಿದರೆ ಹೋಗುತ್ತದೆ, ಉಕ್ಕಿಗೇನೂ ಕೇಡಾಗಿಲ್ಲ. ಒಂದೊಂದು ಸುತ್ತನ್ನೂ ಎರಡೆರಡು ಸಲ ನೋಡಿದಳು. ನಿನ್ನೆ ಈ ಶ್ರದ್ಧೆ ಎಲ್ಲಿಗೆ ಹೋಗಿತ್ತು? ಕತ್ತು ನುಣುಪಾಗಿ ಬಂದರೆ ತನ್ನ ಸುಳ್ಳೂ ಜೊತೆಗೇ ನುಣುಪಾಗುತ್ತದೆ ಎಂಬುದು ಹೊಳೆದು ಅವಳ ಬೆರಳು ತಡೆದು ನಿಂತಿತು. ಆಮೇಲೆ ಫೈಲ್ ಕಳಿಸಿದಳು. "ಒಂಚೂರು ತಿದ್ದಿದೀನಿ" ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಲೇತಣ್ಣ ಕಟರನ್ನು ಐದನೆಯ ಸಲ ಬಿಚ್ಚಿ, ಒರೆಸಿ, ಬಿಗಿದರು. ಯಂತ್ರ ಮುಕ್ಕಾಲು ಗಂಟೆ ಓಡಿತು. ಮಗಳು ಗಾಜಿಗೆ ಮೂಗು ಒತ್ತಿ ಎಣ್ಣೆನೀರು ಸುರಿಯುವುದನ್ನೇ ನೋಡುತ್ತ ನಿಂತಿದ್ದಳು. ಯಂತ್ರ ನಿಂತಾಗ ಯಜಮಾನರು ಕೈಯಾಡಿಸಿ ನೋಡಿದರು. ಕತ್ತು ರೇಷ್ಮೆಯಾಗಿತ್ತು.

"ನೋಡ್ದೇನಣ್ಣ, ಬಿಗಿಯಾಗಿ ಹಿಡಿದ್ರೆ ಹೇಗೆ ಬರುತ್ತೆ? ನಿನ್ನೆ ಹಿಡಿಯೋಕೆ ಏನಾಗಿತ್ತು? ಬೇಜಾರು ಮಾಡ್ಕೋಬೇಡ, ಸೋಮವಾರದಿಂದ ನೀನು ಗರಗಸದ ಕಡೆಗೇ ಹೋಗು."

"ಆಗ್ಲಿ ಸಾಮಿ." ಲೇತಣ್ಣ ಅಚ್ಚಿನ ಮೇಲೆ ಬಟ್ಟೆ ಹೊದಿಸಿದರು, ಮಲಗಿದ ಮಗುವಿಗೆ ಹೊದಿಸಿದ ಹಾಗೆ. ಬಳಿಕ ಅವಳ ಕಡೆ ತಿರುಗಿ, "ಬೈಯದೆ ಇದ್ದಿದ್ದು ನೀನೊಬ್ಳೇ ತಂಗಿ" ಎಂದರು.

ಅವಳು ಮಗಳ ಕೈ ಹಿಡಿದು ಹೊರಟಳು. ಕೈ ಜೊತೆಗೆ ಬರಲಿಲ್ಲ. ಮಗಳು ನಿಂತಲ್ಲೇ ನಿಂತಿದ್ದಳು. ಒಮ್ಮೆ ತಾತನ ಮುಖ, ಒಮ್ಮೆ ಅಮ್ಮನ ಮುಖ ನೋಡುತ್ತಿದ್ದಳು. ಲೆಕ್ಕದಲ್ಲಿ ತಪ್ಪೆಲ್ಲಿ ಎಂದು ಹುಡುಕುವಾಗಿನಂತೆ ಹುಬ್ಬು ಗಂಟಿಕ್ಕಿತ್ತು. ಯಂತ್ರ ಸುಮ್ಮನಾಗಿತ್ತು. ಒಳಗೆಲ್ಲೋ ನೀರು ತೊಟ್ಟಿಕ್ಕುವುದೂ ಕೇಳುತ್ತಿತ್ತು.

"ಅಮ್ಮ," ಎಂದಳು ಮಗಳು, ಎಲ್ಲರಿಗೂ ಕೇಳುವಂತೆ, "ತಾತ ಯಾಕೆ ನಿನ್ ಹತ್ರ ಕ್ಷಮೆ ಕೇಳಿದ್ದು?"